ಕಾಯಿಲೆಯಿಂದ ಏಳುತ್ತಿರುವವರಿಗೆ ಮಾಲ್ಟ್ ಗಂಜಿ: ನಿಜವಾದ ಗುಣವೋ, ಬರೀ ನಂಬಿಕೆಯೋ?

ಮಂದಗಂಜಿ
ನಮ್ಮ ಮಾವನವರು ನ್ಯುಮೋನಿಯಾದಿಂದ ಚೇತರಿಸಿಕೊಳ್ಳುತ್ತಿದ್ದಾರೆ. ಜ್ವರ ಬಿಟ್ಟಿದೆ, ಆದರೆ ಬಾಯಿ ಕೆಟ್ಟಿದೆ. ನಾಲ್ಕು ಚಮಚ ಒಳಗೆ ಹೋಗುವಷ್ಟರಲ್ಲಿ ಸಾಕೆಂದು ಕೈ ಅಡ್ಡ ಹಿಡಿಯುತ್ತಾರೆ. ವೈದ್ಯರು ಪಥ್ಯವೇನನ್ನೂ ವಿಧಿಸಿಲ್ಲ, ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಿ ಎಂದಷ್ಟೇ ಹೇಳಿದ್ದಾರೆ. ನೋಡಲು ಬರುವ ಹಿರಿಯರೆಲ್ಲರೂ “ಮಾಲ್ಟ್ ಕೊಡಿ, ಎದ್ದು ಕೂರುತ್ತಾರೆ” ಎನ್ನುತ್ತಾರೆ. ಅದರಂತೆ ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಕಂದು ಬಣ್ಣ ಬಂದು ಘಮ್ಮೆನ್ನುವವರೆಗೆ ಹುರಿದು ಹಿಟ್ಟು ಮಾಡಿದೆವು. ಆದರೆ ಆ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿದರೆ ಮೊಳಕೆ ಬರಿಸದ ಹಿಟ್ಟಿನ ಗಂಜಿಯಷ್ಟೇ ಮಂದವಾಗುತ್ತದೆ. ಹಾಗಿದ್ದ ಮೇಲೆ ಮೊಳಕೆ ಬರಿಸುವ ಶ್ರಮವೇಕೆ? ರೋಗದಿಂದ ಏಳುವವರಿಗೆ ಮಾಲ್ಟ್ ಕೊಡುವ ಪದ್ಧತಿಯಲ್ಲಿ ತಿರುಳಿದೆಯೇ, ಅಥವಾ ರೂಢಿ ಎಂಬ ಕಾರಣಕ್ಕಷ್ಟೇ ನಡೆದುಬಂದಿದೆಯೇ?

ಸಂದೇಹಿ
ರೂಢಿಯೇ. ಸಿಹಿಯಾದದ್ದು ಯಾವುದನ್ನು ಕೊಟ್ಟರೂ ರೋಗಿ ಎರಡು ಗುಟುಕು ಹೆಚ್ಚು ಕುಡಿಯುತ್ತಾನೆ. ಅದಕ್ಕೆ ಮೊಳಕೆಯ ಮಹಿಮೆಯನ್ನು ಹೊರಿಸುವ ಅಗತ್ಯವಿಲ್ಲ.

ಹಳೆಪುಟ
ಅಷ್ಟು ಸುಲಭವಾಗಿ ತಳ್ಳಿಹಾಕುವ ಸಂಗತಿ ಇದಲ್ಲ, ಸಂದೇಹಿಯವರೇ. ಹಿಪ್ಪೊಕ್ರಟಿಸನ ಪರಂಪರೆಯ ಗ್ರೀಕ್ ವೈದ್ಯರೇ ತೀವ್ರ ಜ್ವರದ ರೋಗಿಗಳಿಗೆ ಬಾರ್ಲಿ ಗಂಜಿಯನ್ನು, ರೋಗದ ಹಂತ ನೋಡಿಕೊಂಡು ಒಮ್ಮೆ ಸೋಸಿದ ತಿಳಿಯನ್ನೂ ಒಮ್ಮೆ ಕಾಳು ಸಹಿತವಾಗಿಯೂ ಕೊಡುತ್ತಿದ್ದರು. ಚೀನಾದಲ್ಲಿ ಎರಡನೆಯ ಶತಮಾನದ ಕೊನೆಯ ಹೊತ್ತಿಗೆ ಜಾಂಗ್ ಜೊಂಗ್‌ಜಿಂಗ್ ಎಂಬ ವೈದ್ಯನು ನಿಶ್ಶಕ್ತಿಯಿಂದ ಹೊಟ್ಟೆನೋವು ಬರುವವರಿಗೆ ಹೇಳಿದ ಕಷಾಯದಲ್ಲಿ ಮಾಲ್ಟಿನಿಂದ ತೆಗೆದ ಸಕ್ಕರೆಪಾಕವೇ ಮುಖ್ಯ ದ್ರವ್ಯ.

ತವುಡು
ಗ್ರೀಕರದು ಮಾಲ್ಟ್ ಅಲ್ಲ. ಅದು ಸಿಪ್ಪೆ ತೆಗೆದ ಬಾರ್ಲಿಯನ್ನು ನೀರಿನಲ್ಲಿ ಬಹಳ ಹೊತ್ತು ಬೇಯಿಸಿದ ಗಂಜಿ. ಮೊಳಕೆಯ ಮಾತೇ ಅಲ್ಲಿ ಬರುವುದಿಲ್ಲ. ಬಾರ್ಲಿ ನೀರನ್ನೂ ಮಾಲ್ಟನ್ನೂ ಒಂದೇ ಕಂತೆಯಲ್ಲಿ ಕಟ್ಟಬಾರದು. ನಿಮ್ಮ ಚೀನೀ ಉದಾಹರಣೆ ಸರಿಯಾಗಿದೆ.

ಹಳೆಪುಟ
ಕಾಳು ಒಂದೇ, ರೋಗಿಯ ಅವಸ್ಥೆಯೂ ಒಂದೇ ಎಂಬ ಅರ್ಥದಲ್ಲಿ ಹೇಳಿದ್ದು. ವಂಶಾವಳಿಯಲ್ಲಿ ಅದಕ್ಕೂ ಒಂದು ಸ್ಥಾನವಿದೆ ಎಂಬುದು ನನ್ನ ವಾದ.

ಕಿಣ್ವಪ್ರಿಯ
ಮಂದಗಂಜಿಯವರ ಪ್ರಶ್ನೆಯಲ್ಲೇ ಉತ್ತರ ಅಡಗಿದೆ. ಗಂಜಿ ಮಂದವಾಗುವುದೇ ಮುಖ್ಯ ಸಮಸ್ಯೆ, ಅದನ್ನು ತೆಳುವಾಗಿಸುವುದೇ ಮಾಲ್ಟಿನ ಮುಖ್ಯ ಕೆಲಸ.

ಹಿಟ್ಟನ್ನು ಬಿಸಿನೀರಿನಲ್ಲಿ ಬೇಯಿಸಿದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ನೂರು ಮಿಲಿ ಲೀಟರಿಗೆ ಆರೇಳು ಗ್ರಾಂಗಿಂತ ಹೆಚ್ಚು ಹಿಟ್ಟು ಬಿದ್ದರೆ ಸಾಕು, ಕುಡಿಯುವ ಹದ ಮೀರುತ್ತದೆ. ಕಾಳು ಮೊಳೆಯುವಾಗ ಒಳಗಿನ ಭ್ರೂಣವು ಗಿಬ್ಬರೆಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದರ ಸೂಚನೆಯಂತೆ ಸಿಪ್ಪೆಯ ಕೆಳಗಿನ ಪದರವು ಆಲ್ಫಾ ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸತೊಡಗುತ್ತದೆ. ಬಾರ್ಲಿಯಲ್ಲಿ ಬೀಟಾ ಅಮೈಲೇಸ್ ಮೊದಲೇ ಇರುತ್ತದೆ, ಮೊಳಕೆಯ ಕಾಲದಲ್ಲಿ ಅದಕ್ಕೆ ಬಿಡುಗಡೆ ಸಿಗುತ್ತದೆ. ಮೊದಲನೆಯದು ಪಿಷ್ಟದ ಉದ್ದ ಸರಪಳಿಯನ್ನು ನಡುನಡುವೆ ಕತ್ತರಿಸುತ್ತದೆ, ಎರಡನೆಯದು ತುದಿಯಿಂದ ಮಾಲ್ಟೋಸ್ ಸಕ್ಕರೆಯನ್ನು ಒಂದೊಂದಾಗಿ ಬಿಡಿಸುತ್ತದೆ. ಸರಪಳಿ ತುಂಡಾದೊಡನೆ ಗಂಜಿಯ ಮಂದತನ ಇಳಿಯುತ್ತದೆ, ಆದರೆ ಅದರಲ್ಲಿರುವ ಆಹಾರ ಎಲ್ಲಿಗೂ ಹೋಗುವುದಿಲ್ಲ.

ಈ ಕಿಣ್ವಗಳಿಗೆ ಉಷ್ಣತೆಯ ಮಿತಿಯಿದೆ. ಬೀಟಾ ಅಮೈಲೇಸ್ 60ರಿಂದ 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಆಲ್ಫಾ ಅಮೈಲೇಸ್ 70 ಡಿಗ್ರಿಯ ಹತ್ತಿರ ಚುರುಕಾಗಿ ದುಡಿಯುತ್ತವೆ. ಕುದಿಯುವ ನೀರಿನಲ್ಲಿ ಎರಡೂ ನಾಶವಾಗುತ್ತವೆ. ನೀವು ಕಂದು ಬಣ್ಣಕ್ಕೆ ಹುರಿದಾಗ ಬಹುಪಾಲು ಹೋಯಿತು, ಕುದಿಯುವ ನೀರಿಗೆ ಹಾಕಿದಾಗ ಉಳಿದದ್ದೂ ಹೋಯಿತು. ನಿಮ್ಮ ಕೈಯಲ್ಲಿ ಈಗಿರುವುದು ಪರಿಮಳದ ಹಿಟ್ಟು. ಅದನ್ನು ಎಸೆಯಬೇಡಿ, ಆದರೆ ಅದರಿಂದ ಈ ಕೆಲಸವನ್ನು ನಿರೀಕ್ಷಿಸಬೇಡಿ.

ಸಂದೇಹಿ
ಗಂಜಿ ತೆಳುವಾಗಬೇಕಾದರೆ ಇನ್ನೊಂದು ಲೋಟ ನೀರು ಸುರಿದರಾಯಿತು. ಇದಕ್ಕೆ ಹಾರ್ಮೋನಿನ ಕಥೆ ಬೇಕೆ?

ಕಿಣ್ವಪ್ರಿಯ
ನೀರು ಸುರಿದರೆ ಲೋಟದ ತುಂಬ ನೀರೇ ಇರುತ್ತದೆ. ಲೆಕ್ಕ ಹಾಕಿ ನೋಡೋಣ. ಒಂದು ಗ್ರಾಂ ಹಿಟ್ಟಿಗೆ ಸುಮಾರು ಮೂರೂವರೆ ಕಿಲೊಕ್ಯಾಲೊರಿ ಎಂದಿಟ್ಟುಕೊಳ್ಳಿ. ನೂರು ಮಿಲಿ ಲೀಟರಿಗೆ 6 ಗ್ರಾಂ ಹಿಟ್ಟಿರುವ ತೆಳು ಗಂಜಿಯಲ್ಲಿ ಸಿಗುವುದು 21 ಕಿಲೊಕ್ಯಾಲೊರಿ. ಮಾಲ್ಟ್ ಬೆರೆಸಿ ತೆಳುವಾಗಿಸಿದ, 20 ಗ್ರಾಂ ಹಿಟ್ಟಿರುವ ಗಂಜಿಯಲ್ಲಿ 70. ರೋಗಿ ದಿನವಿಡೀ ಕಷ್ಟಪಟ್ಟು 750 ಮಿಲಿ ಲೀಟರ್ ಕುಡಿದನೆಂದರೆ ಮೊದಲನೆಯದರಿಂದ ಸುಮಾರು 158, ಎರಡನೆಯದರಿಂದ 525. ಕುಡಿಯುವ ಶ್ರಮ ಒಂದೇ, ಒಳಗೆ ಹೋದದ್ದು ಮೂರು ಪಟ್ಟಿಗಿಂತ ಹೆಚ್ಚು.

ರಾತ್ರಿಪಾಳಿ
ವಾರ್ಡಿನಲ್ಲಿ ನಾನು ದಿನವೂ ಕಾಣುವುದು ಇದನ್ನೇ. ಚೇತರಿಕೆಯ ಮೊದಲ ವಾರಗಳಲ್ಲಿ ರೋಗಿಗೆ ಎಷ್ಟು ಬೇಕು ಎಂಬುದಕ್ಕಿಂತ ಎಷ್ಟು ಹಿಡಿಸುತ್ತದೆ ಎಂಬುದೇ ದೊಡ್ಡ ಮಾತಾಗುತ್ತದೆ. ಬಂಧುಗಳು ನೀರಿನಂತಹ ಗಂಜಿಯನ್ನು ಲೋಟಗಟ್ಟಲೆ ಕುಡಿಸಿ, ಚೆನ್ನಾಗಿ ತೆಗೆದುಕೊಂಡರು ಎಂದು ಸಮಾಧಾನಪಡುತ್ತಾರೆ. ಹೊಟ್ಟೆಯೇನೋ ತುಂಬಿರುತ್ತದೆ, ತೂಕ ಮಾತ್ರ ಇಳಿಯುತ್ತಲೇ ಇರುತ್ತದೆ.

ಆದರೆ ಕಿಣ್ವಪ್ರಿಯ ಅವರ ಲೆಕ್ಕದಲ್ಲಿ ಒಂದು ಕೊರತೆಯಿದೆ. ಅದು ಶಕ್ತಿಯ ಲೆಕ್ಕ ಮಾತ್ರ. ಹಾಸಿಗೆ ಹಿಡಿದವರು ಕಳೆದುಕೊಳ್ಳುವುದು ಮಾಂಸಖಂಡವನ್ನು, ಅದನ್ನು ಮರಳಿ ಕಟ್ಟಲು ಪ್ರೋಟೀನ್ ಬೇಕು. ಮಾಲ್ಟ್ ಎಷ್ಟೇ ಒಳ್ಳೆಯದಾದರೂ ಮೂಲತಃ ಧಾನ್ಯ. ಆ ಗಂಜಿಯನ್ನು ಹಾಲಿನಲ್ಲಿ ಮಾಡಿ, ಇಲ್ಲವೇ ಬೇಯಿಸಿ ನುಣ್ಣಗೆ ಅರೆದ ಬೇಳೆಯನ್ನು ಸೇರಿಸಿ, ತಿನ್ನುವವರಾದರೆ ಮೊಟ್ಟೆಯನ್ನು ಬೇರೆಯಾಗಿ ಕೊಡಿ. ಮಾಲ್ಟ್ ಇವೆಲ್ಲವನ್ನೂ ಒಳಗೆ ಸಾಗಿಸುವ ವಾಹನವಾಗಲಿ.

ಸಂದೇಹಿ
ವಾಹನ ಎನ್ನುವುದಾದರೆ ಒಪ್ಪಬಹುದು. ಶಕ್ತಿಯೇ ಬೇಕಿದ್ದರೆ ಒಂದು ಚಮಚ ಎಣ್ಣೆ ಅಥವಾ ತುಪ್ಪ ಹಾಕಿದರೂ ನಡೆಯುತ್ತದೆಯಲ್ಲ, ಗ್ರಾಂಗೆ 9 ಕಿಲೊಕ್ಯಾಲೊರಿ.

ರಾತ್ರಿಪಾಳಿ
ನಡೆಯುತ್ತದೆ, ಹಾಕಲೂಬೇಕು. ಆದರೆ ಓಕರಿಕೆ ಇರುವವರಿಗೆ ಜಿಡ್ಡು ಬೇಗ ಬೇಡವಾಗುತ್ತದೆ, ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಎರಡನ್ನೂ ಹದವಾಗಿ ಬಳಸುವುದೇ ಸರಿ.

ಹಳೆಪುಟ
ಇತಿಹಾಸದಲ್ಲಿ ಮಾಲ್ಟಿಗೆ ಸಿಕ್ಕ ಮೊದಲ ದೊಡ್ಡ ವೈದ್ಯಕೀಯ ಗೌರವವು ಪೂರ್ಣ ತಪ್ಪು ಕಾರಣಕ್ಕೆ ಸಿಕ್ಕಿತು ಎಂಬುದನ್ನು ಇಲ್ಲಿ ಹೇಳಲೇಬೇಕು. 1764ರಲ್ಲಿ ಡೇವಿಡ್ ಮ್ಯಾಕ್‌ಬ್ರೈಡ್ ಎಂಬ ಐರಿಷ್ ವೈದ್ಯನು ಸ್ಕರ್ವಿ (ಒಸಡು ಊದಿಕೊಳ್ಳುವ, ‘ಸಿ’ ಜೀವಸತ್ವದ ಕೊರತೆಯಿಂದ ಬರುವ ರೋಗ) ಎಂದರೆ ದೇಹ ಒಳಗೊಳಗೇ ಕೊಳೆಯುವ ರೋಗವೆಂದೂ, ಮಾಲ್ಟನ್ನು ಬಿಸಿನೀರಿನಲ್ಲಿ ಇಳಿಸಿದ ಸಿಹಿ ಕಷಾಯವು ಹೊಟ್ಟೆಯಲ್ಲಿ ಹುದುಗಿ ಬಿಡುವ ಅನಿಲವು, ಅಂದರೆ ಇಂದು ನಾವು ಇಂಗಾಲದ ಡೈ ಆಕ್ಸೈಡ್ ಎನ್ನುವುದು, ಆ ಕೊಳೆಯುವಿಕೆಯನ್ನು ತಡೆಯುತ್ತದೆಂದೂ ವಾದಿಸಿದನು. ಬ್ರಿಟಿಷ್ ನೌಕಾಪಡೆಯು ಅದನ್ನು ಪರೀಕ್ಷಿಸಲು 1768ರಲ್ಲಿ ಹೊರಟ ಜೇಮ್ಸ್ ಕುಕ್‌ನ ಎಂಡೆವರ್ ಹಡಗಿಗೆ ಮಾಲ್ಟನ್ನು ತುಂಬಿ ಕಳುಹಿಸಿತು. ಆ ಯಾನದಲ್ಲಿ ಸ್ಕರ್ವಿ ಹತೋಟಿಯಲ್ಲಿತ್ತು. ಕುಕ್ ದಾರಿಯುದ್ದಕ್ಕೂ ತಾಜಾ ಸೊಪ್ಪು ತರಕಾರಿಗಳನ್ನು ಹುಡುಕಿ ತಿನ್ನಿಸುತ್ತಿದ್ದನು, ಆದರೆ ಹೊಗಳಿಕೆಯ ದೊಡ್ಡ ಪಾಲು ಮಾಲ್ಟ್ ಕಷಾಯಕ್ಕೆ ಹೋಯಿತು. ನಾವಿಕರ ಆರೋಗ್ಯ ಕಾಪಾಡಿದ ಬಗೆಯನ್ನು ವಿವರಿಸಿದ ಲೇಖನಕ್ಕಾಗಿ ಅವನಿಗೆ 1776ರಲ್ಲಿ ರಾಯಲ್ ಸೊಸೈಟಿಯ ಕೋಪ್ಲಿ ಪದಕ ದೊರೆಯಿತು.

ಅದೇ ಹಡಗಿನಲ್ಲಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಪ್ರತಿ ಸಂಜೆ ಈ ಕಷಾಯವನ್ನು ಕುಡಿಯುತ್ತಿದ್ದರೂ ಅವನ ಒಸಡು ಊದಿಕೊಂಡಿತು. ಕೊನೆಗೆ ನಿಂಬೆರಸಕ್ಕೆ ಶರಣಾದ ಮೇಲೆ ಕೆಲವೇ ದಿನಗಳಲ್ಲಿ ಒಸಡು ಗಟ್ಟಿಯಾಯಿತು ಎಂದು ಅವನ ದಿನಚರಿಯಲ್ಲೇ ಇದೆ.

ಸಂದೇಹಿ
ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು! ಬ್ರಿಟಿಷ್ ನೌಕಾವೈದ್ಯ ಜೇಮ್ಸ್ ಲಿಂಡ್ ಸ್ಕರ್ವಿಗೆ ಕಿತ್ತಳೆ ಮತ್ತು ನಿಂಬೆಯ ಪರೀಕ್ಷೆಯನ್ನು 1747ರಲ್ಲೇ ಮಾಡಿ ತೋರಿಸಿದ್ದನು. ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಕ್ರಮವಾಗಿ ಹಂಚಲು ತೀರ್ಮಾನಿಸಿದ್ದು 1795ರಲ್ಲಿ. ನಡುವಿನ ವರ್ಷಗಳಲ್ಲಿ ದಾರಿ ತಪ್ಪಿಸಿದವುಗಳಲ್ಲಿ ನಿಮ್ಮ ಪೂಜ್ಯ ಮಾಲ್ಟೂ ಒಂದು.

ಬಿಸಿಲುಮಚ್ಚು
ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾಳು ಮೊಳೆಯುವಾಗ ಸ್ವಲ್ಪ ‘ಸಿ’ ಜೀವಸತ್ವ ಹುಟ್ಟುವುದು ನಿಜ. ಹಸಿ ಮೊಳಕೆಯನ್ನೇ ತಿಂದಿದ್ದರೆ ಬ್ಯಾಂಕ್ಸ್‌ನಿಗೆ ಏನಾದರೂ ಲಾಭವಾಗುತ್ತಿತ್ತೇನೋ. ಒಣಗಿಸಿ ಬಿಸಿ ಮಾಡಿದ ಮೇಲೆ ಅದು ಲೆಕ್ಕಕ್ಕೆ ಬರುವಷ್ಟು ಉಳಿಯುವುದಿಲ್ಲ. ಆದ್ದರಿಂದ ಮಾಲ್ಟ್ ಕೊಡುತ್ತಿದ್ದೇವೆ ಎಂದು ಹಣ್ಣನ್ನು ಬಿಡಬೇಡಿ.

ಅಡುಗೆಮನೆ ಗಡಿಯಾರ
ಇತಿಹಾಸ ಚೆನ್ನಾಗಿದೆ, ಆದರೆ ಮಂದಗಂಜಿಯವರ ಮಾವನವರು ಈ ಹೊತ್ತು ಏನನ್ನು ಕುಡಿಯಬೇಕು ಎಂಬುದನ್ನು ಯಾರೂ ಹೇಳಿಲ್ಲವಲ್ಲ. ನಮ್ಮ ಮನೆಯಲ್ಲಿ ನಡೆಸಿಕೊಂಡು ಬಂದ ಕ್ರಮವನ್ನು ಬರೆಯುತ್ತೇನೆ.

ಮೊಳಕೆ ಬಂದ ಕಾಳನ್ನು ನೆರಳಿನಲ್ಲೋ ಎಳೆ ಬಿಸಿಲಿನಲ್ಲೋ ಗರಿಗರಿಯಾಗುವವರೆಗೆ ಒಣಗಿಸಬೇಕು. ಬಾಣಲೆಗೆ ಹಾಕುವುದಾದರೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಬೆಚ್ಚಗಾಗಿಸಬೇಕೇ ಹೊರತು ಬಣ್ಣ ತಿರುಗಬಾರದು. ಒಣಗಿದ ಬೇರುಗಳನ್ನು ಅಂಗೈಯಲ್ಲಿ ಉಜ್ಜಿ, ಕೇರಿ ತೆಗೆದು, ಹಿಟ್ಟು ಮಾಡಿಟ್ಟುಕೊಳ್ಳಿ. ಗಂಜಿಗೆ ಇಡೀ ಹಿಟ್ಟು ಮಾಲ್ಟೇ ಆಗಿರಬೇಕಿಲ್ಲ. ಯಾವುದಾದರೂ ಸಾದಾ ಹಿಟ್ಟಿನಿಂದ ಹಾಲಿನಲ್ಲಿ ಗಟ್ಟಿ ಗಂಜಿಯನ್ನು ಚೆನ್ನಾಗಿ ಬೇಯಿಸಿ ಇಳಿಸಿ. ಗುಟುಕರಿಸಬಹುದಾದ ಬಿಸಿ ಚಹಾಕ್ಕಿಂತ ತುಸು ಹೆಚ್ಚು ಬಿಸಿ ಇರುವಾಗ, ಒಂದು ಬಟ್ಟಲಿಗೆ ಒಂದು ಸಣ್ಣ ಚಮಚದಂತೆ ಮಾಲ್ಟ್ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಬೆರೆಸಿ, ಮುಚ್ಚಿಡಿ. ಹತ್ತು ನಿಮಿಷದೊಳಗೆ ಸೌಟಿನಿಂದ ಸುರಿಯುವಂತಾಗುತ್ತದೆ. ನಂತರ ಮತ್ತೊಮ್ಮೆ ಒಲೆಗಿಟ್ಟು ಕುದಿಸಿ.

ಮಂದಗಂಜಿ
ಮತ್ತೊಮ್ಮೆ ಕುದಿಸಿದರೆ ಪುನಃ ಮಂದವಾಗುವುದಿಲ್ಲವೇ?

ಕಿಣ್ವಪ್ರಿಯ
ಆಗುವುದಿಲ್ಲ. ಸರಪಳಿ ತುಂಡಾಗಿಹೋಗಿದೆ, ಕತ್ತರಿಯನ್ನು ನಾಶಮಾಡಿದರೆ ತುಂಡುಗಳು ಕೂಡಿಕೊಳ್ಳುವುದಿಲ್ಲ. ಎರಡನೆಯ ಕುದಿ ಕಡ್ಡಾಯ ಎಂದು ಗಡಿಯಾರದವರ ಪರವಾಗಿ ಒತ್ತಿ ಹೇಳುತ್ತೇನೆ. ಕಾಳು ಮೊಳೆಯಲು ಬೇಕಾದ ತೇವ ಮತ್ತು ಬೆಚ್ಚನೆಯ ವಾತಾವರಣವೇ ಬ್ಯಾಕ್ಟೀರಿಯಗಳಿಗೂ ಬೂಷ್ಟಿಗೂ ಬೇಕಾದದ್ದು. ಹಗುರವಾಗಿ ಒಣಗಿಸಿದ ಹಿಟ್ಟಿನಲ್ಲಿ ಕಿಣ್ವದ ಜೊತೆಗೆ ಅವೂ ಬದುಕಿರುತ್ತವೆ. ಆರೋಗ್ಯವಂತರು ತಾಳಿಕೊಳ್ಳಬಹುದು, ಕಾಯಿಲೆಯಿಂದ ಏಳುತ್ತಿರುವವರ ಮೇಲೆ ಆ ಪರೀಕ್ಷೆ ಬೇಡ. ನೆನೆಸುವ ನೀರನ್ನು ಹಲವು ಸಲ ಬದಲಾಯಿಸಿ. ಬೂಷ್ಟು ಕಂಡರೆ ಅಥವಾ ಮುಗ್ಗಲು ವಾಸನೆ ಬಂದರೆ ಅಷ್ಟನ್ನೂ ಎಸೆಯಿರಿ.

ತವುಡು
ಬಾರ್ಲಿಯೇ ಆಗಬೇಕೆಂದಿದೆಯೇ? ನಮ್ಮ ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಕಾಯಿಲೆಯಿದೆ, ಅಂದರೆ ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುತ್ತದೆ. ಬಾರ್ಲಿಯಲ್ಲಿ ಗ್ಲುಟೆನ್ ಜಾತಿಯ ಪ್ರೋಟೀನ್ ಇರುವುದರಿಂದ ಅದರ ಮಾಲ್ಟ್, ಮಾಲ್ಟಿನ ಸಾರ, ಮಾಲ್ಟ್ ಬೆರೆತ ಪುಡಿ ಯಾವುದೂ ಅವರಿಗೆ ಆಗದು. ಮೊಳಕೆ ಬರಿಸಿದರೆ ಗ್ಲುಟೆನ್ ಹೋಗುತ್ತದೆ ಎಂದು ಕೆಲವರು ಹೇಳುವುದನ್ನು ನಂಬಬೇಡಿ.

ಬಿಸಿಲುಮಚ್ಚು
ಬೇಕೆಂದಿಲ್ಲ. ಕಿಣ್ವಬಲದಲ್ಲಿ ಬಾರ್ಲಿ ಮುಂದಿರುವುದು ನಿಜ. ಗ್ಲುಟೆನ್ ಇಲ್ಲದ ಕಾಳುಗಳಲ್ಲಿ ರಾಗಿ ಚೆನ್ನಾಗಿ ಮಾಲ್ಟಾಗುತ್ತದೆ, ಅದರ ಆಲ್ಫಾ ಅಮೈಲೇಸ್ ಕೂಡ ಗಂಜಿ ತೆಳುವಾಗಿಸಲು ಧಾರಾಳವಾಗಿ ಸಾಕು. ಅಕ್ಕಿ ಮತ್ತು ಮೆಕ್ಕೆಜೋಳದಲ್ಲಿ ಈ ಶಕ್ತಿ ಕಡಿಮೆ. ಜೋಳದಿಂದ ಮಾಲ್ಟ್ ಮಾಡುವವರು ಒಂದು ವಿಷಯದಲ್ಲಿ ಎಚ್ಚರವಹಿಸಬೇಕು: ಜೋಳದ ಮೊಳಕೆ ಮತ್ತು ಬೇರುಗಳಲ್ಲಿ ಧುರ್ರಿನ್ ಎಂಬ ದ್ರವ್ಯ ಹುಟ್ಟುತ್ತದೆ, ಅದು ಒಡೆದಾಗ ಸಯನೈಡ್ ಬಿಡುಗಡೆಯಾಗುತ್ತದೆ. ಮೊಳಕೆಯನ್ನೂ ಬೇರನ್ನೂ ಪೂರ್ತಿ ತೆಗೆದು, ಚೆನ್ನಾಗಿ ಬೇಯಿಸದೆ ಅದನ್ನು ಬಳಸಬಾರದು. ಪೂರ್ವ ಆಫ್ರಿಕದಲ್ಲಿ ಮಕ್ಕಳ ಗಂಜಿಗೆ ಜೋಳ ಮತ್ತು ರಾಗಿಯ ಮೊಳಕೆ ಹಿಟ್ಟನ್ನು ಬೆರೆಸುವ ಕ್ರಮವಿದೆ. ಟಾಂಜಾನಿಯಾದವರು ಅದನ್ನು ಕಿಮೆಯಾ ಎನ್ನುತ್ತಾರೆ.

ಮಂದಗಂಜಿ
ಇಷ್ಟೆಲ್ಲ ಮಾಡಲಾಗದವರಿಗೆ ಅಂಗಡಿಯ ಮಾಲ್ಟ್ ಪುಡಿ ಇದೆಯಲ್ಲ, ಅದರಿಂದ ಇದೇ ಕೆಲಸ ಆಗುತ್ತದೆಯೇ?

ಹಳೆಪುಟ
ಅದಕ್ಕೂ ಒಂದು ವಂಶಾವಳಿಯಿದೆ, ತವುಡು ಅವರ ಅಪ್ಪಣೆಯಿದ್ದರೆ ಹೇಳುತ್ತೇನೆ. 1833ರಲ್ಲಿ ಪಾಯೆನ್ ಮತ್ತು ಪೆರ್ಸೋ ಎಂಬ ಫ್ರೆಂಚ್ ರಸಾಯನವಿಜ್ಞಾನಿಗಳು ಮಾಲ್ಟಿನಿಂದ ಪಿಷ್ಟ ಕರಗಿಸುವ ದ್ರವ್ಯವನ್ನು ಬೇರ್ಪಡಿಸಿ ಡಯಸ್ಟೇಸ್ ಎಂದು ಕರೆದರು; ಬೇರ್ಪಡಿಸಲಾದ ಮೊದಲ ಕಿಣ್ವ ಅದು. 1860ರ ದಶಕದಲ್ಲಿ ಜರ್ಮನಿಯ ಯುಸ್ಟಸ್ ಫಾನ್ ಲೀಬಿಗ್ ಗೋಧಿ ಹಿಟ್ಟು, ಮಾಲ್ಟ್ ಹಿಟ್ಟು, ಹಸುವಿನ ಹಾಲು ಮತ್ತು ಪೊಟಾಸಿಯಂ ಬೈಕಾರ್ಬನೇಟನ್ನು ಸೇರಿಸಿ, ತಾಯಿಯ ಹಾಲಿಲ್ಲದ ಶಿಶುಗಳಿಗಾಗಿ ಒಂದು ಗಂಜಿಯನ್ನು ರೂಪಿಸಿದನು. ಮನೆಯಲ್ಲಿ ಅದನ್ನು ಹದವಾದ ಬಿಸಿಯಲ್ಲಿ ಕಾಯುತ್ತ ಕೂರುವುದು ಜನರಿಗೆ ತಲೆನೋವಾಯಿತು. ಆ ತಲೆನೋವಿನಿಂದಲೇ ಪುಡಿಯ ಉದ್ಯಮ ಹುಟ್ಟಿತು. ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಸಹೋದರರು 1873ರಲ್ಲಿ ಶಿಕಾಗೊದಲ್ಲಿ ವ್ಯವಹಾರ ಆರಂಭಿಸಿ, ನಂತರ ರೇಸಿನ್‌ಗೆ ಹೋಗಿ, 1883ರಲ್ಲಿ ಹಾಲು ಮತ್ತು ಮಾಲ್ಟನ್ನು ಒಟ್ಟಿಗೆ ಒಣಗಿಸಿದ ಪುಡಿಗೆ ಪೇಟೆಂಟ್ ಪಡೆದರು. ಬರ್ನ್ ನಗರದ ವಾಂಡರ್ ಸಂಸ್ಥೆಯ ಓವೊಮಾಲ್ಟಿನ್ 1904ರದು. ಇವೆಲ್ಲ ಮೊದಲಿಗೆ ಶಿಶುಗಳಿಗೆ, ರೋಗಿಗಳಿಗೆ, ಬಲಹೀನರಿಗೆ ಎಂದೇ ಬಂದವು. ದಿನದ ಪಾನೀಯವಾದದ್ದು ಆಮೇಲೆ.

ತವುಡು
ಅಪ್ಪಣೆಯಿದೆ. ಅಂಟಾರ್ಕ್ಟಿಕದಲ್ಲಿ ಹಾರ್ಲಿಕ್ ಪರ್ವತಗಳೆಂಬ ಸಾಲೂ ಇದೆ, ಅಮೆರಿಕದ ಅನ್ವೇಷಕ ಬರ್ಡ್‌ನ ಅನ್ವೇಷಣ ಯಾನಕ್ಕೆ ಹಣ ಕೊಟ್ಟವರ ನೆನಪಿಗೆ.

ಅಡುಗೆಮನೆ ಗಡಿಯಾರ
ದಯವಿಟ್ಟು ಅಂಟಾರ್ಕ್ಟಿಕದಿಂದ ಅಡುಗೆಮನೆಗೆ ಮರಳೋಣ.

ಕಿಣ್ವಪ್ರಿಯ
ಅಂಗಡಿ ಪುಡಿಗಳಲ್ಲಿ ಪಿಷ್ಟವನ್ನು ಕಾರ್ಖಾನೆಯಲ್ಲೇ ಕರಗಿಸಿ ಒಣಗಿಸಿರುತ್ತಾರೆ. ಆದ್ದರಿಂದ ಅದು ಕುಡಿಯಲು ಸಿದ್ಧವಾದ ಆಹಾರ, ನಿಮ್ಮ ಪಾತ್ರೆಯಲ್ಲಿರುವ ಗಂಜಿಯನ್ನು ತೆಳುವಾಗಿಸುವ ಕಿಣ್ವ ಅದರಲ್ಲಿ ಉಳಿದಿರುತ್ತದೆಂದು ಎಣಿಸಬೇಡಿ. ಮಾಲ್ಟಿನ ಸಾರವೆಂದು ಮಾರುವ ದಪ್ಪ ಪಾಕದಲ್ಲಿ ಎರಡು ಬಗೆ: ಕಡಿಮೆ ಉಷ್ಣತೆಯಲ್ಲಿ ಇಂಗಿಸಿ ಕಿಣ್ವ ಉಳಿಸಿಕೊಂಡದ್ದು, ಮತ್ತು ಕಿಣ್ವ ನಾಶವಾದದ್ದು. ಮೊದಲನೆಯದರ ಚೀಟಿಯ ಮೇಲೆ ಡಯಸ್ಟಾಟಿಕ್ ಎಂದಿರುತ್ತದೆ.

ಸಂದೇಹಿ
ಚೀಟಿ ಓದುವಾಗ ಸೇರಿಸಿದ ಸಕ್ಕರೆ ಎಷ್ಟೆಂಬುದನ್ನೂ ಓದಿ. ಮಾಲ್ಟ್ ಎಂಬ ಹೆಸರು ದೊಡ್ಡ ಅಕ್ಷರದಲ್ಲಿ, ಸಕ್ಕರೆ ಸಣ್ಣ ಅಕ್ಷರದಲ್ಲಿ.

ರಾತ್ರಿಪಾಳಿ
ಸಂದೇಹಿಯವರ ಈ ಮಾತನ್ನು ನಾನು ಇನ್ನೂ ಮುಂದಕ್ಕೆ ಒಯ್ಯುತ್ತೇನೆ. ಸಕ್ಕರೆ ಸೇರಿಸದ ಮನೆಯ ಮಾಲ್ಟಿನಲ್ಲೂ ಮಾಲ್ಟೋಸ್ ಇದ್ದೇ ಇದೆ, ಅದು ರಕ್ತದ ಗ್ಲೂಕೋಸನ್ನು ಬಲು ಬೇಗ ಏರಿಸುತ್ತದೆ. ಮಧುಮೇಹಿಗಳಿಗೆ ಇಂತಹ ಗಂಜಿಯನ್ನು ವೈದ್ಯರನ್ನು ಕೇಳದೆ ಆರಂಭಿಸಬಾರದು. ಸೋಂಕಿನ ಕಾಲದಲ್ಲಿ ಅವರ ಸಕ್ಕರೆಯ ಮಟ್ಟ ಮೊದಲೇ ಏರುಪೇರಾಗಿರುತ್ತದೆ. ಭೇದಿಯಿಂದ ನೀರು ಕಳೆದುಕೊಂಡವರಿಗೆ ಮೊದಲು ಬೇಕಾದದ್ದು ಓಆರ್‌ಎಸ್. ಅತಿ ಸಿಹಿಯ ಗಾಢ ದ್ರವವು ಕರುಳಿಗೆ ನೀರನ್ನು ಎಳೆದುಕೊಂಡು ಭೇದಿಯನ್ನು ಹೆಚ್ಚಿಸಬಹುದು. ಬಹಳ ದಿನ ಏನೂ ತಿನ್ನದೆ ಸೊರಗಿದವರಿಗೆ ಒಮ್ಮೆಲೇ ಹೆಚ್ಚು ಪಿಷ್ಟ ಅಥವಾ ಸಕ್ಕರೆ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಪ್ರಾಣಾಪಾಯವಾಗಬಹುದು. ಅವರಿಗೆ ಆಹಾರ ಮರಳಿಸುವುದು ಆಸ್ಪತ್ರೆಯ ಕಣ್ಗಾವಲಿನಲ್ಲೇ ಆಗಬೇಕು. ನುಂಗುವಾಗ ಕೆಮ್ಮು ಬರುವವರಿಗೆ ತೆಳು ದ್ರವ ಶ್ವಾಸನಾಳಕ್ಕೆ ಇಳಿಯುವ ಅಪಾಯವಿರುವುದರಿಂದ ಗಂಜಿ ಮಂದವಾಗಿರುವುದೇ ಒಳ್ಳೆಯದಾಗಬಹುದು. ನ್ಯುಮೋನಿಯಾ ಆದವರಲ್ಲಿ ಇದನ್ನು ವಿಶೇಷವಾಗಿ ಗಮನಿಸಿ.

ಮಂದಗಂಜಿ
ನುಂಗುವಾಗ ಕೆಮ್ಮಿಲ್ಲ, ಮಧುಮೇಹವೂ ಇಲ್ಲ. ವೈದ್ಯರನ್ನೂ ಕೇಳಿಕೊಂಡೆವು, ಅಡ್ಡಿಯಿಲ್ಲ ಎಂದರು.

ಚಮಚದ ಕಹಿ
ನನ್ನ ಬಾಲ್ಯದಲ್ಲಿ ಮಾಲ್ಟ್ ಎಂದರೆ ಮೀನೆಣ್ಣೆ ಬೆರೆಸಿದ ಕಂದು ಪಾಕ. ಅದರಲ್ಲಿ ಮಾಲ್ಟಿನ ಪಾತ್ರವೇನಿತ್ತು?

ಹಳೆಪುಟ
ಮುಖ್ಯವಾಗಿ ಮೀನಿನ ವಾಸನೆಯನ್ನು ಮುಚ್ಚುವುದು. ಮೂಳೆ ಬಾಗುವ ರಿಕೆಟ್ಸ್ ರೋಗಕ್ಕೆ ಗುಣ ಕೊಡುತ್ತಿದ್ದದ್ದು ಕಾಡ್ ಮೀನಿನ ಯಕೃತ್ತಿನ ಎಣ್ಣೆಯಲ್ಲಿದ್ದ ‘ಡಿ’ ಜೀವಸತ್ವ. 1922ರಲ್ಲಿ ಅಮೆರಿಕದ ವಿಜ್ಞಾನಿ ಮೆಕಾಲಮ್ ಮತ್ತು ಸಂಗಡಿಗರು ಅದನ್ನು ‘ಎ’ ಜೀವಸತ್ವದಿಂದ ಪ್ರತ್ಯೇಕವೆಂದು ತೋರಿಸಿದರು. ಆದರೂ ಹಸಿವಿಲ್ಲದ ಮಗುವಿಗೆ ದೊರೆತ ಆ ಚಮಚ ಶಕ್ತಿಯನ್ನು ತೀರ ತಿರಸ್ಕರಿಸಲಾಗದು.

ಸಂದೇಹಿ
ಸ್ಕರ್ವಿಯಲ್ಲಿ ಸೊಪ್ಪಿನ ಕೀರ್ತಿ, ರಿಕೆಟ್ಸ್‌ನಲ್ಲಿ ಎಣ್ಣೆಯ ಕೀರ್ತಿ. ಎರಡೂ ಕಡೆ ಹೊಗಳಿಕೆ ಮಾಲ್ಟಿಗೆ! ಮಂದಗಂಜಿಯವರ ಪಾತ್ರೆಯಲ್ಲಿ ಅದು ಸ್ವಂತವಾಗಿ ಏನಾದರೂ ಮಾಡಿದರೆ ನಾನು ಬಾಯಿ ಮುಚ್ಚುತ್ತೇನೆ.

ತವುಡು
ಬಾಣಂತಿಯರ ವಿಷಯದಲ್ಲಿ ಇನ್ನೂ ಸೋಜಿಗವಿದೆ. ಯೂರೋಪಿನಲ್ಲಿ ಎದೆಹಾಲು ಹೆಚ್ಚಲಿ ಎಂದು ಮಾಲ್ಟಿನ ಪಾನೀಯವನ್ನು ಕೊಡುತ್ತಿದ್ದರು, ಚೀನೀ ವೈದ್ಯರು ಎದೆಹಾಲು ನಿಲ್ಲಿಸಲು ಹುರಿದ ಬಾರ್ಲಿ ಮಾಲ್ಟನ್ನು ಕೊಡುತ್ತಿದ್ದರು. ಎರಡೂ ಪರಂಪರೆಗಳೇ. ಪರಂಪರೆ ಹೇಳುತ್ತದೆ ಎಂದು ವಾದಿಸುವವರು ಯಾವುದನ್ನು ಆರಿಸಿಕೊಳ್ಳುತ್ತಾರೋ ಕಾಣೆ.

ಮಂದಗಂಜಿ
ಹೊಸದಾಗಿ ಮೊಳಕೆ ಬರಿಸಿ, ಹುರಿಯದೆ ಒಣಗಿಸಿ, ಗಡಿಯಾರದವರು ಹೇಳಿದ ಹಾಗೆ ಮಾಡಿದೆ. ಸೌಟು ನೆಟ್ಟಗೆ ನಿಲ್ಲುವಂತಿದ್ದ ಹಾಲಿನ ಗಂಜಿಯು ಮುಚ್ಚಳ ತೆಗೆದಾಗ ಸುರಿಯುವ ಹದಕ್ಕೆ ಬಂದಿತ್ತು. ಕುದಿಸಿದ ಮೇಲೂ ಹಾಗೆಯೇ ಉಳಿಯಿತು. ಮಾವನವರು ಬಟ್ಟಲನ್ನು ಪೂರ್ತಿ ಮಾಡಿದರು, ಆದರೆ “ಇದೇನು ಪಾಯಸವೇ?” ಎಂದು ಗೊಣಗಿದರು. ನಾನು ಸಕ್ಕರೆ ಹಾಕಿರಲಿಲ್ಲ.

ಕಿಣ್ವಪ್ರಿಯ
ಅದು ಮಾಲ್ಟೋಸಿನ ಸಿಹಿ. ಬಾರ್ಲಿಯಲ್ಲಿ ಬೀಟಾ ಅಮೈಲೇಸ್ ಹೆಚ್ಚಿರುವುದರಿಂದ ಸಿಹಿ ಎದ್ದು ಕಾಣುತ್ತದೆ. ತೆಳುವಾದ ಕೂಡಲೇ ಕುದಿಸಿಬಿಟ್ಟರೆ ಸಿಹಿ ಏರುವುದು ಅಲ್ಲಿಗೇ ನಿಲ್ಲುತ್ತದೆ. ಹತ್ತು ನಿಮಿಷ ಕಾಯಬೇಕಾಗಿಲ್ಲ, ನಡುನಡುವೆ ಕಲಕಿ ನೋಡಿ.

ಅಡುಗೆಮನೆ ಗಡಿಯಾರ
ಹಾಲಿನ ಬದಲು ಬೇಳೆಯ ಕಟ್ಟಿನಲ್ಲಿ ಗಂಜಿ ಮಾಡಿ, ಕುದಿ ಬಂದ ಮೇಲೆ ಉಪ್ಪು, ಜೀರಿಗೆ, ಒಂದು ಚಮಚ ತುಪ್ಪ ಹಾಕಿ. ಬಾಯಿ ಕೆಟ್ಟವರಿಗೆ ಸಿಹಿಗಿಂತ ಉಪ್ಪು ಖಾರವೇ ಹೆಚ್ಚು ಸೇರುವುದುಂಟು. ನಿಂಬೆರಸ ಹಿಂಡುವುದಾದರೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಬ್ಯಾಂಕ್ಸ್ ಸಾಹೇಬರಿಗೂ ಸಮಾಧಾನವಾಗಲಿ.

ಸಂದೇಹಿ
ಬಾಯಿ ಮುಚ್ಚಿದ್ದೇನೆ. ಒಂದು ಪ್ರಶ್ನೆಗೆ ಮಾತ್ರ ತೆರೆಯುತ್ತೇನೆ: ಬೆಳಗ್ಗೆ ಮಾಡಿದ್ದನ್ನು ರಾತ್ರಿಯವರೆಗೆ ಕೊಡಬಹುದೇ?

ರಾತ್ರಿಪಾಳಿ
ಹೊರಗಿಟ್ಟು ಕೊಡಬಾರದು. ಹಾಲು ಮತ್ತು ಸಕ್ಕರೆ ಎರಡೂ ಇರುವ ದ್ರವ ಬೇಗ ಕೆಡುತ್ತದೆ, ಕೆಟ್ಟದ್ದು ಯಾವಾಗಲೂ ವಾಸನೆಯಿಂದ ತಿಳಿಯುವುದೂ ಇಲ್ಲ. ಆಗಿಂದಾಗ್ಗೆ ಸ್ವಲ್ಪವೇ ಮಾಡಿ, ಅಥವಾ ಮಾಡಿದ ಕೂಡಲೇ ಆರಿಸಿ ಫ್ರಿಜ್‌ನಲ್ಲಿಟ್ಟು, ಬೇಕಾದಷ್ಟನ್ನು ಮಾತ್ರ ತೆಗೆದು ಕುದಿಸಿ ಕೊಟ್ಟು, ಮರುದಿನಕ್ಕೆ ಉಳಿಸಬೇಡಿ. ಒಣ ಮಾಲ್ಟ್ ಹಿಟ್ಟನ್ನು ತೇವ ತಾಗದ ಡಬ್ಬಿಯಲ್ಲಿಡಿ, ಒದ್ದೆ ಚಮಚ ಹಾಕಬೇಡಿ.

ಮಂದಗಂಜಿ
ಹಾಗೆಯೇ ಮಾಡುತ್ತೇನೆ. ನಾಳೆಯಿಂದ ಬೇಳೆ ಕಟ್ಟಿನ ಗಂಜಿ, ಮೊದಲು ಹುರಿದ ಹಿಟ್ಟು ಮನೆಯ ಉಳಿದವರ ರೊಟ್ಟಿಗೆ.